ಗಾಂಧೀಜಿ ಲಂಡನ್ನಿಗೆ ಹೋದ ಹಡಗು ಯುದ್ಧಕ್ಕೆ ಹೋಗಿದ್ದು ಹೇಗೆ?

ತುಂಗಾತೀರದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ದುಂಡು ಮೇಜಿನ ಪರಿಷತ್ತಿನ ಪಾಠದಲ್ಲಿ, 1931ರ ಆಗಸ್ಟ್ 29ಕ್ಕೆ ಗಾಂಧೀಜಿ ಮುಂಬಯಿಯಲ್ಲಿ ಎಸ್.ಎಸ್. ರಾಜಪುತಾನ ಅನ್ನೋ ಹಡಗು ಹತ್ತಿದರು, ಎರಡನೇ ದರ್ಜೆಯ ಟಿಕೆಟ್ ತಗೊಂಡು ಹೆಚ್ಚು ಹೊತ್ತು ಡೆಕ್ಕಿನ ಮೇಲೇ ಕಳೆದರು ಅಂತ ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು "ಆ ಹಡಗು ಈಗ ಎಲ್ಲಿದೆ ಮಿಸ್?" ಅಂತ ಕೇಳಿದ. ನಾಳೆ ಹೇಳುತ್ತೇನೆ ಅಂದು ಮನೆಗೆ ಬಂದು ಹುಡುಕಿದರೆ, 1941ರ ಏಪ್ರಿಲ್ 13ರಂದು ಐಸ್‌ಲ್ಯಾಂಡಿನ ಪಶ್ಚಿಮಕ್ಕೆ ಜರ್ಮನಿಯ ಯು-108 ಜಲಾಂತರ್ಗಾಮಿ ಟಾರ್ಪಿಡೋ ಹೊಡೆದು ಅದನ್ನು ಮುಳುಗಿಸಿತು ಅಂತ ಇದೆ. ಅದೂ ಪ್ರಯಾಣಿಕರ ಹಡಗಾಗಿ ಅಲ್ಲ, ಫಿರಂಗಿ ಕೂರಿಸಿಕೊಂಡ ಯುದ್ಧನೌಕೆಯಾಗಿ!

ಇದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಊಟದ ಹಾಲ್, ಮಲಗೋ ಕ್ಯಾಬಿನ್, ಸಂಗೀತದ ಕೋಣೆ ಎಲ್ಲ ಇರುವ ಹಡಗನ್ನು ಯುದ್ಧಕ್ಕೆ ಯಾಕೆ ತಗೊಂಡರು? ಅದಕ್ಕೆ ಏನೇನು ಮಾಡಬೇಕಾಗುತ್ತದೆ? ಇದರಿಂದ ಉಪಯೋಗ ಆಯಿತಾ, ಇಲ್ಲ ಸುಮ್ನೆ ಜನರನ್ನು ಸಾಯೋಕೆ ಕಳಿಸಿದರಾ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ. ಮಕ್ಕಳಿಗೆ ಅರ್ಧಂಬರ್ಧ ಹೇಳೋಕೆ ಮನಸ್ಸಿಲ್ಲ.

ಎಂಜಿನ್ ರೂಮ್ ಹೊಸನಗರ:

ಟೀಚರ್, ಒಳ್ಳೆ ಪ್ರಶ್ನೆ. ನಾನು ಸರಕು ಹಡಗಿನಲ್ಲಿ ಎಂಜಿನಿಯರ್, ಈಗ ರಜೆಯಲ್ಲಿ ಊರಲ್ಲಿದ್ದೇನೆ, ಹೊರಗೆ ಮಳೆ ಬಿಡುತ್ತಿಲ್ಲ, ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಯಾಕೆ ಅನ್ನೋದು. ಸಮುದ್ರ ಕಾಯೋದಕ್ಕೆ ಕ್ರೂಸರ್ ಎಂಬ ಯುದ್ಧನೌಕೆ ಬೇಕು. ಒಂದು ಕ್ರೂಸರ್ ಕಟ್ಟೋಕೆ ಎರಡು ಮೂರು ವರ್ಷ ಹಿಡಿಯುತ್ತದೆ. ಯುದ್ಧ ಶುರುವಾದ ಮೇಲೆ ಅಷ್ಟು ದಿನ ಯಾರು ಕಾಯುತ್ತಾರೆ? ಆದರೆ ಬಂದರಿನಲ್ಲಿ ದೊಡ್ಡ ಲೈನರ್‌ಗಳು, ಅಂದರೆ ಪ್ರಯಾಣಿಕರ ಹಡಗುಗಳು, ನಿಂತಿರುತ್ತವೆ. ವೇಗ ಇದೆ. ಎಂಥ ಬಿರುಗಾಳಿಯಲ್ಲೂ ತಡೆದುಕೊಳ್ಳುತ್ತವೆ. ಇಂಧನ ತುಂಬಿಸಿಕೊಂಡು ಹೊರಟರೆ ವಾರಗಟ್ಟಲೆ ಸಮುದ್ರದಲ್ಲೇ ಇರಬಹುದು. ನೂರಾರು ಜನಕ್ಕೆ ಮಲಗೋಕೆ ಜಾಗ, ಅಡುಗೆಮನೆ, ತಣ್ಣನೆ ಉಗ್ರಾಣ, ಆಸ್ಪತ್ರೆ ಎಲ್ಲ ಮೊದಲೇ ಸಿದ್ಧ. ಗನ್ ಒಂದು ಇಲ್ಲ ಅಷ್ಟೆ. 1914ರಲ್ಲಿ ಕುನಾರ್ಡ್ ಕಂಪನಿಯ ಕಾರ್ಮೇನಿಯಾ ಹಡಗನ್ನು ಲಿವರ್‌ಪೂಲಿನಲ್ಲಿ ಒಂದು ವಾರದ ಆಸುಪಾಸಿನಲ್ಲಿ ಯುದ್ಧಕ್ಕೆ ಸಜ್ಜು ಮಾಡಿ ಕಳಿಸಿದರು ಅಂದರೆ ನೋಡಿ.

ಇದು ತುರ್ತಿಗೆ ಹೊಳೆದ ಉಪಾಯವೂ ಅಲ್ಲ. ಲುಸಿಟಾನಿಯಾ, ಮಾರಿಟಾನಿಯಾ ಎಂಬ ಎರಡು ಲೈನರ್ ಕಟ್ಟೋಕೆ ಬ್ರಿಟಿಷ್ ಸರ್ಕಾರವೇ ಕುನಾರ್ಡ್‌ಗೆ 26 ಲಕ್ಷ ಪೌಂಡ್ ಸಾಲ ಕೊಟ್ಟಿತ್ತು. ಯುದ್ಧ ಬಂದರೆ ನಮಗೆ ಕೊಡಬೇಕು, ಗನ್ ಕೂರಿಸೋಕೆ ಮೊದಲೇ ಅನುಕೂಲ ಮಾಡಿಟ್ಟಿರಬೇಕು ಅನ್ನೋದು ಷರತ್ತು. ಕೊನೆಗೆ ಯುದ್ಧ ಬಂದಾಗ ಅವೆರಡನ್ನೂ ಕ್ರೂಸರ್ ಮಾಡಲೇ ಇಲ್ಲ! ಕಾರಣ ಕಲ್ಲಿದ್ದಲು. ಮಾರಿಟಾನಿಯಾ ಪೂರ್ತಿ ವೇಗದಲ್ಲಿ ಹೋದರೆ ದಿನಕ್ಕೆ ಹೆಚ್ಚುಕಡಿಮೆ 1000 ಟನ್ ಸುಡುತ್ತಿತ್ತು. ನಡು ಸಮುದ್ರದಲ್ಲಿ ಅಷ್ಟು ಕಲ್ಲಿದ್ದಲು ಎಲ್ಲಿಂದ ತರೋದು? ಹಾಗಾಗಿ ತೀರಾ ದೊಡ್ಡವನ್ನು ಬಿಟ್ಟು ಮಧ್ಯಮ ಗಾತ್ರದ ಲೈನರ್‌ಗಳನ್ನೇ ಆರಿಸಿಕೊಂಡರು.

ಇನ್ನು ಹೇಗೆ ಅನ್ನೋದು. ಒಳಗಿನ ಮರದ ಗೋಡೆ, ಜಮಖಾನ, ಕನ್ನಡಿ, ಪಿಯಾನೋ ಎಲ್ಲ ಕಿತ್ತು ದಡಕ್ಕೆ ಹಾಕುತ್ತಿದ್ದರು, ಯಾಕೆಂದರೆ ಗುಂಡು ಬಿದ್ದರೆ ಮೊದಲು ಹೊತ್ತಿಕೊಳ್ಳೋದೇ ಅವು. ಗನ್ ಕೂರೋ ಜಾಗದಲ್ಲಿ ಡೆಕ್ಕಿನ ಕೆಳಗೆ ಉಕ್ಕಿನ ಕಂಬ ಕೊಟ್ಟು ಬಲಪಡಿಸಬೇಕು. ಇಲ್ಲವಾದರೆ ಗನ್ ಹಾರಿಸಿದ ಏಟಿಗೆ ಡೆಕ್ಕೇ ಕುಸಿಯುತ್ತದೆ. ಸರಕು ಇಡುತ್ತಿದ್ದ ಹೋಲ್ಡಿನಲ್ಲಿ ಮದ್ದುಗುಂಡಿನ ಕೋಣೆ. ಮೇಲೆ ಗನ್ ಇಟ್ಟು, ಕೆಳಗಿನ ಸಾಮಾನು ತೆಗೆದರೆ ಹಡಗಿನ ತೂಕ ಮೇಲಕ್ಕೆ ಏರಿ ಅದು ವಾಲುತ್ತದೆ. 2025ರಲ್ಲಿ ಸೇತುವೆ ಆಗೋ ಮುಂಚೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ, ಬಸ್ಸನ್ನು ಎಲ್ಲಿ ನಿಲ್ಲಿಸಬೇಕು ಅಂತ ಲಾಂಚಿನವರು ಅಷ್ಟು ಕೂಗಾಡುತ್ತಿದ್ದದ್ದು ತೂಕದ ಸಲುವಾಗಿಯೇ. ಹಾಗಾಗಿ ಈ ಹಡಗುಗಳ ತಳಕ್ಕೂ ತೂಕ ತುಂಬುತ್ತಿದ್ದರು.

ಇನ್ನೊಂದು ವಿಷಯ ಮಕ್ಕಳಿಗೆ ಖಂಡಿತ ಹೇಳಿ. ಎರಡನೇ ಮಹಾಯುದ್ಧದಲ್ಲಿ ಇಂಥ ಹಡಗುಗಳ ಹೋಲ್ಡಿನ ಖಾಲಿ ಜಾಗಕ್ಕೆ ಸಾವಿರಾರು ಖಾಲಿ ಪೀಪಾಯಿ ತುಂಬುತ್ತಿದ್ದರು. ಬಾಯಿ ಮುಚ್ಚಿದ ಪೀಪಾಯಿ. ಟಾರ್ಪಿಡೋ ಬಿದ್ದು ತೂತಾಗಿ ನೀರು ನುಗ್ಗಿದರೂ ಪೀಪಾಯಿ ಇರುವಷ್ಟು ಜಾಗಕ್ಕೆ ನೀರು ಬರೋಕೆ ಆಗಲ್ಲ, ಹಡಗು ಇನ್ನಷ್ಟು ಹೊತ್ತು ತೇಲುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ಜನ ದೋಣಿ ಹತ್ತಬಹುದು, ಯೋಚನೆ ಮಾಡಿ.

ಭದ್ರಾವತಿ ಫೌಂಡ್ರಿ:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಉಕ್ಕಿನ ಬಗ್ಗೆ ನಾನೊಂದು ಮಾತು ಸೇರಿಸುತ್ತೇನೆ, ಸರ್ವಿಸ್ ಪೂರ್ತಿ ಕಬ್ಬಿಣದ ಕೆಲಸದಲ್ಲೇ ಕಳೆದವನು ನಾನು.

ಲೈನರ್ ಕೂಡ ಉಕ್ಕಿನದು, ಯುದ್ಧನೌಕೆಯೂ ಉಕ್ಕಿನದು, ಮತ್ತೇನು ವ್ಯತ್ಯಾಸ ಅಂತ ತುಂಬಾ ಜನ ಕೇಳುತ್ತಾರೆ. ಭೂಮಿ ಆಕಾಶದಷ್ಟು ವ್ಯತ್ಯಾಸ. ಲೈನರಿನ ಮೈ ಸಾಧಾರಣ ಮೆತ್ತನೆ ಉಕ್ಕಿನ ತಗಡು, ದಪ್ಪ ಎರಡು ಮೂರು ಸೆಂಟಿಮೀಟರ್ ಅಂದುಕೊಳ್ಳಿ. ಅಲೆ ತಡೆಯೋಕೆ ಸಾಕು. ಯುದ್ಧನೌಕೆಗೆ ಹಾಕೋ ರಕ್ಷಾಕವಚದ ಹಲಗೆಯೇ ಬೇರೆ. ನಿಕ್ಕಲ್, ಕ್ರೋಮಿಯಂ ಸೇರಿಸಿದ ಉಕ್ಕು, ಹೊರಮೈ ಗುಂಡು ಒಡೆಯುವಷ್ಟು ಗಟ್ಟಿ, ಒಳಮೈ ಬಿರುಕು ಬಿಡದ ಹಾಗೆ ಸ್ವಲ್ಪ ಮೆದು. ಹಾಗೆ ಹದ ಮಾಡೋಕೆ ದಿನಗಟ್ಟಲೆ ಕುಲುಮೆಯಲ್ಲಿ ಇಡಬೇಕು. ಜರ್ಮನಿಯ ಶಾರ್ನ್‌ಹೋರ್ಸ್ಟ್ ಎಂಬ ಯುದ್ಧನೌಕೆಯ ಪಕ್ಕಕ್ಕೆ ಹಾಕಿದ್ದು 35 ಸೆಂಟಿಮೀಟರ್ ದಪ್ಪದ ಕವಚ. ಅಂಥದ್ದನ್ನು ಲೈನರಿಗೆ ಆಮೇಲೆ ಹೊಂದಿಸೋಕೆ ಬರಲ್ಲ. ಹಡಗಿನ ಪಕ್ಕೆಲುಬುಗಳೇ ಆ ಭಾರ ಹೊರಲ್ಲ. ಹಾಗಾಗಿ ಗನ್ ಬಂತು, ಬೂದು ಬಣ್ಣ ಬಂತು, ಕವಚ ಮಾತ್ರ ಬರಲಿಲ್ಲ.

ನಿವೃತ್ತ ಗನ್ನರ್, ಸಾಗರ:

ನಾನು ನೌಕಾಪಡೆಯಲ್ಲಿ ಗನ್ ವಿಭಾಗದಲ್ಲಿದ್ದವನು. ಟೀಚರ್ ಕೇಳಿದ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೌದು, ಸಾಯೋಕೇ ಕಳಿಸಿದರು. ಬೇಜಾರಾದರೂ ಹೇಳಬೇಕು.

ರಾಜಪುತಾನಕ್ಕೆ ಮೂವರು ಅಕ್ಕತಂಗಿ ಹಡಗುಗಳಿದ್ದವು. ರಾವಲ್ಪಿಂಡಿ, ರಾಂಚಿ, ರಣಪುರ. ನಾಲ್ಕೂ ಪಿ ಅಂಡ್ ಓ ಕಂಪನಿಯವು, ನಾಲ್ಕನ್ನೂ 1925ರಲ್ಲಿ ಮುಂಬಯಿ ಮಾರ್ಗಕ್ಕೆಂದು ಕಟ್ಟಿ ಮುಗಿಸಿದ್ದು, ನಾಲ್ಕಕ್ಕೂ ನಮ್ಮ ಕಡೆಯ ಊರು, ಪ್ರಾಂತ್ಯದ ಹೆಸರು. 1939ರ ನವೆಂಬರ್ 23ರ ಸಂಜೆ, ಐಸ್‌ಲ್ಯಾಂಡಿಗೂ ಫರೋ ದ್ವೀಪಗಳಿಗೂ ನಡುವೆ ಕಾವಲಿಗಿದ್ದ ರಾವಲ್ಪಿಂಡಿಗೆ ಎದುರಾಗಿದ್ದು ಶಾರ್ನ್‌ಹೋರ್ಸ್ಟ್ ಮತ್ತು ಅಂಥದ್ದೇ ಇನ್ನೊಂದು ಜರ್ಮನ್ ಯುದ್ಧನೌಕೆ ಗ್ನೈಸೆನೌ, ಎರಡೂ ಒಟ್ಟಿಗೆ. ಕ್ಯಾಪ್ಟನ್ ಎಡ್ವರ್ಡ್ ಕೆನಡಿ. ನಿವೃತ್ತಿಯಾಗಿ ಮನೆಯಲ್ಲಿದ್ದವರು, ಅರವತ್ತರ ವಯಸ್ಸಿನಲ್ಲಿ ವಾಪಸ್ ಕರೆಸಿಕೊಂಡಿದ್ದರು. ಶರಣಾಗಿ ಅಂತ ಜರ್ಮನ್ನರು ಸಂಕೇತ ಕೊಟ್ಟರು. ಅವರು ಒಪ್ಪಲಿಲ್ಲ.

ಲೆಕ್ಕ ನೋಡಿ. ರಾವಲ್ಪಿಂಡಿಯಲ್ಲಿ 6 ಇಂಚಿನ ಹಳೇ ಗನ್ ಎಂಟು. ಒಂದು ಬದಿಗೆ ಒಮ್ಮೆಗೆ ಹಾರಿಸೋಕೆ ಬರೋದು ಅರ್ಧ ಮಾತ್ರ. ಗುಂಡಿನ ತೂಕ 45 ಕಿಲೋ. ಎದುರಿಗಿದ್ದ ಒಂದೊಂದು ಹಡಗಿನಲ್ಲೂ 28 ಸೆಂಟಿಮೀಟರಿನ ಗನ್ ಒಂಬತ್ತು, ಗುಂಡಿನ ತೂಕ 300 ಕಿಲೋಗೂ ಜಾಸ್ತಿ. ಇದರ ಜೊತೆ ಗುರಿ ಹಿಡಿಯೋ ಯಂತ್ರ. ನಿಜವಾದ ಯುದ್ಧನೌಕೆಯಲ್ಲಿ ಎಲ್ಲಾ ಗನ್‌ಗಳನ್ನು ಒಂದೇ ಕಡೆಯಿಂದ ಲೆಕ್ಕ ಹಾಕಿ ತಿರುಗಿಸುತ್ತಾರೆ, ದೂರ, ವೇಗ, ಗಾಳಿ ಎಲ್ಲ ಸೇರಿಸಿ. ಇಲ್ಲಿ ಅದು ಬಹಳ ಸರಳವಾದದ್ದು, ಮೊದಲ ಏಟಿಗೇ ಕೆಟ್ಟುಹೋಗುವಂಥದ್ದು. ಆಮೇಲೆ ಒಬ್ಬೊಬ್ಬ ಗನ್ನರ್ ತನ್ನ ಕಣ್ಣಳತೆಯಲ್ಲಿ ಹಾರಿಸಬೇಕು. ಕೆಳಗಿನಿಂದ ಗುಂಡು ಎತ್ತೋ ಲಿಫ್ಟಿಗೆ ಕರೆಂಟ್ ಹೋದರೆ 45 ಕಿಲೋ ಗುಂಡನ್ನು ಕೈಯಲ್ಲಿ ಹೊತ್ತು ತರಬೇಕು, ಉರಿಯುತ್ತಿರೋ ಡೆಕ್ಕಿನ ಮೇಲೆ. ಆ ಕೆಲಸ ಏನು ಅಂತ ನನಗೆ ಗೊತ್ತು, ಅದೂ ಶಾಂತ ಸಮುದ್ರದಲ್ಲಿ, ತಾಲೀಮಿನಲ್ಲಿ. ನಲವತ್ತು ನಿಮಿಷದಲ್ಲಿ ಮುಗಿಯಿತು. 238 ಜನ ಸತ್ತರು. ಅಷ್ಟರಲ್ಲೂ ಶಾರ್ನ್‌ಹೋರ್ಸ್ಟ್‌ಗೆ ಒಂದು ಗುಂಡು ತಾಗಿಸಿದ್ದರು.

ಆ ಹುಡುಗರ ಧೈರ್ಯದ ಬಗ್ಗೆ ನನಗೆ ಎಷ್ಟು ಗೌರವ ಇದೆಯೋ, ಅವರನ್ನು ಆ ಹಡಗಿನಲ್ಲಿ ಅಲ್ಲಿಗೆ ಕಳಿಸಿದವರ ಮೇಲೆ ಅಷ್ಟೇ ಸಿಟ್ಟಿದೆ. ಬ್ರಿಟನ್ ಆ ಯುದ್ಧದಲ್ಲಿ ಐವತ್ತಕ್ಕೂ ಹೆಚ್ಚು ಲೈನರ್‌ಗಳನ್ನು ಹೀಗೆ ಮಾಡಿತು, 15 ಮುಳುಗಿದವು. ಹೆಚ್ಚಿನವು ಜಲಾಂತರ್ಗಾಮಿಗೆ ಬಲಿ. 1940ರ ನವೆಂಬರಿನಲ್ಲಿ ಒಂದೇ ರಾತ್ರಿ ಲಾರೆಂಟಿಕ್, ಪ್ಯಾಟ್ರೋಕ್ಲಸ್ ಎರಡನ್ನೂ ಯು-99 ಎಂಬ ಜಲಾಂತರ್ಗಾಮಿ ಒಂದೇ ಮುಳುಗಿಸಿತು. ಪೀಪಾಯಿ ತುಂಬಿದ್ದಕ್ಕೆ ಅವು ಬೇಗ ಮುಳುಗಲಿಲ್ಲ ನಿಜ, ಆದರೆ ಯು-99ರ ಕ್ಯಾಪ್ಟನ್ ಮತ್ತೆ ಮತ್ತೆ ಟಾರ್ಪಿಡೋ ಹೊಡೆದ.

ಎಂಜಿನ್ ರೂಮ್ ಹೊಸನಗರ:

ಸಾರ್, ನಿಮ್ಮ ಅನುಭವದ ಮುಂದೆ ನಾನು ಚಿಕ್ಕವನು, ಆದರೂ ಇದನ್ನು ಪೂರ್ತಿ ಒಪ್ಪೋಕೆ ಆಗುತ್ತಿಲ್ಲ. ಅವನ್ನು ಯುದ್ಧನೌಕೆ ಎದುರಿಸೋಕೆ ಕಳಿಸಿದ್ದೇ ಅಲ್ಲ. ಕಳಿಸಿದ್ದು ದಾರಿ ಕಾಯೋಕೆ. ಸರಕು ಹಡಗು ನಿಲ್ಲಿಸಿ, ಹತ್ತಿ, ಕಾಗದಪತ್ರ ನೋಡಿ, ಶತ್ರುವಿಗೆ ಸಾಮಾನು ಹೋಗದ ಹಾಗೆ ತಡೆಯೋಕೆ.

1914ರ ಚಳಿಗಾಲದಲ್ಲಿ ಏನಾಯಿತು ನೋಡಿ. ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿನವರೆಗಿನ ಸಮುದ್ರ ಕಾಯೋಕೆ ಮೊದಲು ಹಾಕಿದ್ದು ಹಳೇ ಕ್ರೂಸರ್‌ಗಳನ್ನು. ಅಲ್ಲಿನ ಅಲೆಗೆ ಅವು ಬಡಿಸಿಕೊಂಡು ಬಡಿಸಿಕೊಂಡು ರಿಪೇರಿಗೆ ವಾಪಸ್ ಬಂದವು. ಆಮೇಲೆ ಆ ಜಾಗಕ್ಕೆ ಗನ್ ಕೂರಿಸಿದ ಲೈನರ್‌ಗಳನ್ನು ಹಾಕಿದರು. ಹತ್ತನೇ ಕ್ರೂಸರ್ ಸ್ಕ್ವಾಡ್ರನ್ ಅಂತ ಹೆಸರು. 1917ರ ಕೊನೆಯವರೆಗೂ ಅವೇ ಆ ನೀರು ಕಾದವು, ಸಾವಿರಾರು ಹಡಗು ತಪಾಸಣೆ ಮಾಡಿದವು. ಜರ್ಮನಿಗೆ ಆಹಾರ, ಕಚ್ಚಾಮಾಲು ಹೋಗೋ ದಾರಿ ಮುಚ್ಚಿದ್ದರಲ್ಲಿ ಅವುಗಳ ಪಾಲು ದೊಡ್ಡದು. ಆ ಕೆಲಸಕ್ಕೆ ಎತ್ತರದ ಡೆಕ್ಕಿನ, ಹೊಟ್ಟೆ ತುಂಬ ಇಂಧನ ಹಿಡಿಸೋ ಲೈನರೇ ಸರಿ. ನಷ್ಟವೂ ಆಯಿತು. 1916ರ ಫೆಬ್ರವರಿ 29ರಂದು ಅಲ್ಕಾಂಟರಾ ಎಂಬ ಲೈನರ್, ಸರಕು ಹಡಗಿನ ವೇಷದಲ್ಲಿ ಬಂದ ಜರ್ಮನಿಯ ಗ್ರೈಫ್ ಅನ್ನು ನಿಲ್ಲಿಸಿತು, ಹತ್ತಿರದಿಂದಲೇ ಹೊಡೆದಾಡಿಕೊಂಡು ಎರಡೂ ಮುಳುಗಿದವು.

ಜರ್ಮನ್ನರ ಕಥೆ ನೋಡಿದರೆ ಇನ್ನೂ ಸ್ಪಷ್ಟ ಆಗುತ್ತದೆ. ಅವರ ಕೈಸರ್ ವಿಲ್ಹೆಲ್ಮ್ ಡೆರ್ ಗ್ರೋಸ್ಸೆ, ನಾಲ್ಕು ಹೊಗೆಕೊಳವೆಯ ಮೊದಲ ಲೈನರ್, ಒಂದು ಕಾಲಕ್ಕೆ ಅಟ್ಲಾಂಟಿಕ್ ದಾಟೋದರಲ್ಲಿ ಎಲ್ಲರಿಗಿಂತ ವೇಗ. 1914ರಲ್ಲಿ ಅದು ಬೇಟೆಗೆ ಹೊರಟಿತು. ಮೂರು ಹಡಗು ಮುಳುಗಿಸಿತು. ಇನ್ನೆರಡು ಲೈನರ್‌ಗಳನ್ನು ಹಿಡಿದರೂ ಒಳಗೆ ಹೆಂಗಸರು ಮಕ್ಕಳು ಇದ್ದಾರೆ ಅಂತ ಬಿಟ್ಟುಕೊಟ್ಟಿತು, ಇದು ನನಗೆ ತುಂಬ ಹಿಡಿಸಿದ ಸಂಗತಿ. ಆದರೆ ಕಲ್ಲಿದ್ದಲು ಮುಗಿಯುತ್ತಾ ಬಂತು. ಆಫ್ರಿಕಾದ ರಿಯೋ ಡಿ ಓರೊದಲ್ಲಿ ನಿಂತು ತುಂಬಿಸಿಕೊಳ್ಳುತ್ತಿದ್ದಾಗ, ಆಗಸ್ಟ್ 26ಕ್ಕೆ, ಬ್ರಿಟಿಷರ ಹೈಫ್ಲೈಯರ್ ಕ್ರೂಸರ್ ಬಂದು ಅದರ ಕಥೆ ಮುಗಿಸಿತು. ಯುದ್ಧ ಶುರುವಾಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಲೈನರಿಗೆ ಲೈನರೇ ಎದುರಾದದ್ದೂ ಉಂಟು. ಅದೇ ಸೆಪ್ಟೆಂಬರ್ 14, ಬ್ರೆಜಿಲ್ ಕಡೆಯ ಟ್ರಿಂಡಾಡೆ ದ್ವೀಪದ ಬಳಿ. ಜರ್ಮನಿಯ ಕ್ಯಾಪ್ ಟ್ರಫಾಲ್ಗರ್ ಹೊಚ್ಚ ಹೊಸ ಹಡಗು, ಆ ವರ್ಷವೇ ಮೊದಲ ಪ್ರಯಾಣ ಮಾಡಿದ್ದು. ಗುರುತು ಸಿಗಬಾರದು ಅಂತ ಮೂರನೇ ಹೊಗೆಕೊಳವೆ ತೆಗೆದು ಎರಡು ಕೊಳವೆಯ ಬ್ರಿಟಿಷ್ ಲೈನರಿನ ವೇಷ ಹಾಕಿತ್ತು. ಅಲ್ಲಿಗೆ ಬಂದಿದ್ದು ಎರಡು ಕೊಳವೆಯ ಕಾರ್ಮೇನಿಯಾವೇ. ಒಂದೂವರೆ ಗಂಟೆಗೂ ಜಾಸ್ತಿ ಹೊಡೆದಾಟ. ಕಾರ್ಮೇನಿಯಾದ ಬ್ರಿಜ್, ಅಂದರೆ ಹಡಗು ನಡೆಸೋ ಜಾಗ, ಸುಟ್ಟು ಹೋಯಿತು, 79 ಏಟು ಬಿದ್ದಿತ್ತು, ಬೆಂಕಿ ಆರಿಸೋ ನೀರಿನ ಪೈಪೇ ತುಂಡಾಗಿತ್ತು. ಕ್ಯಾಪ್ ಟ್ರಫಾಲ್ಗರ್ ಮುಳುಗಿತು. ಕಾರ್ಮೇನಿಯಾವೇ ಕ್ಯಾಪ್ ಟ್ರಫಾಲ್ಗರಿನ ವೇಷ ಹಾಕಿತ್ತು ಅಂತ ಕೆಲವು ಕಡೆ ಬರೆದಿರುತ್ತಾರೆ, ಅದು ಕಟ್ಟುಕಥೆ, ನಂಬಬೇಡಿ.

ಇದರಿಂದ ಜರ್ಮನ್ನರು ಬೇಗ ಪಾಠ ಕಲಿತರು. ಲೈನರ್ ಬಿಟ್ಟು ಯಾರೂ ತಿರುಗಿ ನೋಡದಂಥ ಸಾಧಾರಣ ಸರಕು ಹಡಗಿಗೆ ಗನ್ ಬಚ್ಚಿಟ್ಟು ಕಳಿಸೋಕೆ ಶುರು ಮಾಡಿದರು. ಅವು ತಿಂಗಳುಗಟ್ಟಲೆ ಸಮುದ್ರದಲ್ಲಿ ಓಡಾಡಿದವು.

ನಿವೃತ್ತ ಗನ್ನರ್, ಸಾಗರ:

ಮೊದಲ ಯುದ್ಧದ ಮಾತು ಒಪ್ಪುತ್ತೇನೆ. ನನ್ನ ತಕರಾರು ಎರಡನೆಯದರ ಬಗ್ಗೆ. ದಾರಿ ಕಾಯೋಕೆ ಕಳಿಸಿದ್ದು ಅಂತೀರಿ, ಆದರೆ ಆ ದಾರಿಯಲ್ಲಿ ಯಾರು ಬರಬಹುದು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದರು. 1940ರ ನವೆಂಬರ್ 5ರ ಜರ್ವಿಸ್ ಬೇ ನೋಡಿ. 37 ಸರಕು ಹಡಗುಗಳಿಗೆ ಬೆಂಗಾವಲು ಅಂತ ಇದ್ದದ್ದು ಅದೊಂದೇ, 1922ರ ಹಡಗು, ಆಸ್ಟ್ರೇಲಿಯಾಕ್ಕೆ ವಲಸೆ ಹೋಗುವವರನ್ನು ಸಾಗಿಸುತ್ತಿದ್ದದ್ದು. ಎದುರಿಗೆ ಬಂದಿದ್ದು ಅಡ್ಮಿರಲ್ ಶೇರ್ ಎಂಬ ಜರ್ಮನ್ ಯುದ್ಧನೌಕೆ. ಕ್ಯಾಪ್ಟನ್ ಫೆಗನ್ ಉಳಿದವರಿಗೆ ಚದುರಿ ಓಡಿ ಅಂತ ಹೇಳಿ, ತಾನು ನೇರ ಶತ್ರುವಿನ ಕಡೆಗೇ ಹಡಗು ತಿರುಗಿಸಿದರು. ತನ್ನ ಗುಂಡು ಅಲ್ಲಿಗೆ ಮುಟ್ಟಲ್ಲ ಅಂತ ಗೊತ್ತಿದ್ದೂ. ಕತ್ತಲಾಗೋವರೆಗೆ ಹೊತ್ತು ಸಿಕ್ಕಿದ್ದರಿಂದ ಹೆಚ್ಚಿನ ಹಡಗುಗಳು ತಪ್ಪಿಸಿಕೊಂಡವು. ಫೆಗನ್ ಉಳಿಯಲಿಲ್ಲ, ವಿಕ್ಟೋರಿಯಾ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯ ಪದಕ ಆಮೇಲೆ ಬಂತು. ಬದುಕಿದ 65 ಜನರನ್ನು ಎತ್ತಿಕೊಂಡಿದ್ದು ಅದೇ ಗುಂಪಿನ ಸ್ಟುರೆಹೋಮ್ ಎಂಬ ಸ್ವೀಡನ್ನಿನ ಸರಕು ಹಡಗು, ಆ ಕ್ಯಾಪ್ಟನ್ ಅಪಾಯ ಲೆಕ್ಕಿಸದೆ ರಾತ್ರಿ ವಾಪಸ್ ಬಂದು ಹುಡುಕಿದರು.

ಹಡಗುಗಳು ಉಳಿದವು, ನಿಜ. ಆದರೂ ಒಂದು ಸರಿಯಾದ ಕ್ರೂಸರ್ ಇದ್ದಿದ್ದರೆ ಅನ್ನೋ ಸಂಕಟ ನನಗೆ ಹೋಗಲ್ಲ. ಕೊನೆಗೆ ಅವರೂ ಬುದ್ಧಿ ತಂದುಕೊಂಡು, ಉಳಿದ ಲೈನರ್‌ಗಳಲ್ಲಿ ಹೆಚ್ಚಿನವನ್ನು ಸೈನಿಕರನ್ನು ಸಾಗಿಸೋ ಕೆಲಸಕ್ಕೆ ಹಾಕಿದರು. ಅದೇ ಲೈನರಿನ ನಿಜವಾದ ಕೆಲಸ. ಕ್ವೀನ್ ಮೇರಿ 1943ರ ಜುಲೈನಲ್ಲಿ ಒಂದೇ ಪ್ರಯಾಣದಲ್ಲಿ 16,683 ಜನರನ್ನು ಅಟ್ಲಾಂಟಿಕ್ ದಾಟಿಸಿತು. ಬೆಂಗಾವಲೇ ಬೇಡ, ಅದರ ವೇಗಕ್ಕೆ ಜಲಾಂತರ್ಗಾಮಿ ಹಿಂದೆ ಬಿದ್ದು ಹಿಡಿಯೋಕೇ ಆಗುತ್ತಿರಲಿಲ್ಲ.

ತುಂಗಾತೀರದ ಟೀಚರ್:

ಮೂವರಿಗೂ ತುಂಬಾ ಧನ್ಯವಾದ. ಪೀಪಾಯಿಯ ವಿಷಯ ಓದಿ ನಮ್ಮನೆಯವರಿಗೂ ಓದಿ ಹೇಳಿದೆ. ಇನ್ನೆರಡು ಪ್ರಶ್ನೆ. ಹೀಗೆ ಜನ ಸಾಗಿಸೋ ಹಡಗಿಗೆ ಗನ್ ಇಡೋದು ಕಾನೂನಿನ ಪ್ರಕಾರ ಸರಿಯಾ? ಮತ್ತೆ ನಮ್ಮ ಸಮುದ್ರದಲ್ಲಿ, ಅಂದರೆ ಹಿಂದೂ ಮಹಾಸಾಗರದಲ್ಲಿ ಏನಾದರೂ ನಡೆಯಿತಾ? ಮಕ್ಕಳಿಗೆ ಐಸ್‌ಲ್ಯಾಂಡ್ ಅಂದರೆ ತುಂಬಾ ದೂರ.

ಆಗುಂಬೆ ಮಳೆ:

ಕಾನೂನಿನ ಪ್ರಶ್ನೆಗೆ ಚಿಕ್ಕ ಉತ್ತರ. 1907ರ ಹೇಗ್ ಒಪ್ಪಂದಗಳಲ್ಲಿ ಏಳನೆಯದು ಪೂರ್ತಿ ಇದರ ಬಗ್ಗೆಯೇ. ವ್ಯಾಪಾರಿ ಹಡಗನ್ನು ಯುದ್ಧನೌಕೆ ಮಾಡಬಹುದು, ಆದರೆ ಅದು ಸರ್ಕಾರದ ನೇರ ಹಿಡಿತದಲ್ಲಿರಬೇಕು, ಯುದ್ಧನೌಕೆಯ ಹೊರಗುರುತು ಇರಬೇಕು, ಕ್ಯಾಪ್ಟನ್ ಸರ್ಕಾರದಿಂದ ನೇಮಕವಾದ ಅಧಿಕಾರಿ ಆಗಿರಬೇಕು, ಸಿಬ್ಬಂದಿ ಸೈನಿಕ ಶಿಸ್ತಿಗೆ ಒಳಪಡಬೇಕು, ಯುದ್ಧನೌಕೆಗಳ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಅದಕ್ಕೇ ಬ್ರಿಟನ್ನಿನಲ್ಲಿ ಹಳೇ ನಾವಿಕರು ಟಿ-124 ಎಂಬ ಕರಾರಿಗೆ ಸಹಿ ಹಾಕುತ್ತಿದ್ದರು. ನಿನ್ನೆವರೆಗೆ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅದೇ ಹಡಗಿನಲ್ಲಿ, ಅದೇ ಬಾಯ್ಲರಿನ ಮುಂದೆ, ನೌಕಾಪಡೆಯ ಕಾನೂನಿನ ಕೆಳಗೆ ಬಂದ.

ಇನ್ನು ನಮ್ಮ ಸಮುದ್ರ. ಮೇಲೆ ಹೇಳಿದ ಸರಕು ಹಡಗಿನ ವೇಷದ ಜರ್ಮನ್ ಹಡಗುಗಳಲ್ಲಿ ವುಲ್ಫ್ ಅನ್ನೋದು ಒಂದು. ಅದು 1917ರಲ್ಲಿ ಮುಂಬಯಿ ಮುಂದೆ ಬಂದು ಕದ್ದು ಮೈನ್, ಅಂದರೆ ಹಡಗು ತಾಗಿದರೆ ಸಿಡಿಯೋ ಸ್ಫೋಟಕ, ಹಾಕಿ ಹೋಯಿತು. ಜೂನ್ 23ಕ್ಕೆ ಮಂಗೋಲಿಯಾ ಎಂಬ ಪಿ ಅಂಡ್ ಓ ಲೈನರ್ ಆ ಮೈನ್ ತಾಗಿ ಮುಳುಗಿತು. 1942ರ ಏಪ್ರಿಲ್ 5ಕ್ಕೆ ಜಪಾನಿನ ವಿಮಾನಗಳು ಕೊಲಂಬೋ ಮೇಲೆ ಬಾಂಬ್ ಹಾಕಿದಾಗ ಬಂದರಿನಲ್ಲೇ ಮುಳುಗಿದ ಹೆಕ್ಟರ್ ಕೂಡ ಹೀಗೆ ಗನ್ ಕೂರಿಸಿದ ಲೈನರೇ.

ಆದರೆ ಮಕ್ಕಳಿಗೆ ಹೇಳಲೇಬೇಕಾದದ್ದು ಎಚ್.ಎಂ.ಐ.ಎಸ್. ಬೆಂಗಾಲ್ ಕಥೆ. ಇದು ನಮ್ಮ ನೌಕಾಪಡೆಯ, ಆಗಿನ ರಾಯಲ್ ಇಂಡಿಯನ್ ನೇವಿಯ ಹಡಗು. ಸುಮಾರು 650 ಟನ್ನಿನ ಪುಟ್ಟ ಮೈನ್ ತೆಗೆಯೋ ಹಡಗು, ಆಸ್ಟ್ರೇಲಿಯಾದಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದರು. ಅದಕ್ಕೆ ಕೊಡಬೇಕಿದ್ದ 4 ಇಂಚಿನ ಗನ್ ಸಿಗದೆ 3 ಇಂಚಿನದನ್ನೇ ಹಾಕಿ ಕಳಿಸಿದ್ದರು. 1942ರ ನವೆಂಬರ್ 11ರಂದು ಒಂಡಿನಾ ಎಂಬ ಡಚ್ ತೈಲ ಹಡಗಿನ ಜೊತೆ ಕೋಕೋಸ್ ದ್ವೀಪಗಳ ಕಡೆ ಬರುತ್ತಿತ್ತು. ಎದುರಿಗೆ ಜಪಾನಿನ ಹೊಕೊಕು ಮಾರು, ಐಕೊಕು ಮಾರು. ಎರಡೂ ಆಫ್ರಿಕಾ ಮಾರ್ಗಕ್ಕೆಂದು ಕಟ್ಟಿದ ಪ್ರಯಾಣಿಕ-ಸರಕು ಹಡಗು, ಒಂದೊಂದೂ 10,000 ಟನ್ನಿಗಿಂತ ಜಾಸ್ತಿ, 14 ಸೆಂಟಿಮೀಟರಿನ ಗನ್ ಕೂರಿಸಿಕೊಂಡಿದ್ದವು.

ಬೆಂಗಾಲ್ ಒಂಡಿನಾಕ್ಕೆ ತಪ್ಪಿಸಿಕೊಳ್ಳೋಕೆ ಹೇಳಿ ತಾನು ಹೊಕೊಕು ಮಾರು ಕಡೆಗೆ ನುಗ್ಗಿತು. ಒಂಡಿನಾವೂ ಓಡಲಿಲ್ಲ, ತನ್ನಲ್ಲಿದ್ದ ಒಂದೇ ಗನ್ನಿನಿಂದ ಹೊಡೆಯೋಕೆ ಶುರು ಮಾಡಿತು. ಒಂದು ಗುಂಡು ಹೊಕೊಕು ಮಾರುವಿನ ಹಿಂಭಾಗಕ್ಕೆ ಬಿತ್ತು. ಅದು ಯಾರ ಗುಂಡು ಅಂತ ಎರಡೂ ಹಡಗಿನವರು ನಮ್ಮದು ನಮ್ಮದು ಅಂದರು. ಬೆಂಕಿ ಹತ್ತಿ, ಒಳಗಿದ್ದ ಮದ್ದು ಸಿಡಿದು ಹೊಕೊಕು ಮಾರು ಮುಳುಗಿತು. ಭದ್ರಾವತಿಯವರು ಬರೆದ ಹಾಗೆ, ಕವಚ ಇಲ್ಲದ ಹಡಗಿಗೆ ಚಿಕ್ಕ ಗುಂಡೂ ಸಾಕಾಯಿತು. ಗುಂಡೆಲ್ಲ ಖಾಲಿಯಾಗುತ್ತಾ ಬಂದಾಗ ಬೆಂಗಾಲ್, ಒಂಡಿನಾ ಕಥೆ ಮುಗಿಯಿತು ಅಂದುಕೊಂಡು ಅಲ್ಲಿಂದ ಹೊರಟು ಡಿಯಾಗೋ ಗಾರ್ಸಿಯಾ ದ್ವೀಪ ತಲುಪಿತು. ಇತ್ತ ಒಂಡಿನಾದ ಕ್ಯಾಪ್ಟನ್ ಸತ್ತಿದ್ದರು, ಆದರೆ ಹಡಗು ಮುಳುಗಿರಲಿಲ್ಲ. ದೋಣಿಗಳಿಗೆ ಇಳಿದಿದ್ದ ಸಿಬ್ಬಂದಿ ಮತ್ತೆ ಹತ್ತಿ, ಬೆಂಕಿ ಆರಿಸಿ, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ವಾಪಸ್ ತಂದರು.

ನಿವೃತ್ತ ಗನ್ನರ್, ಸಾಗರ:

ಬೆಂಗಾಲ್ ಹೆಸರು ಎತ್ತಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತು.

ಟೀಚರ್, ಇದು ಹಳೇ ಕಾಲದ ಮಾತು ಅಂತ ಮಕ್ಕಳು ಅಂದುಕೊಳ್ಳೋದು ಬೇಡ. 1982ರ ಫಾಕ್ಲೆಂಡ್ ಯುದ್ಧಕ್ಕೂ ಬ್ರಿಟನ್ ಕ್ಯಾನ್‌ಬೆರಾ, ಕ್ಯೂಇ2 (ಕ್ವೀನ್ ಎಲಿಜಬೆತ್ 2) ಎಂಬ ಎರಡು ಲೈನರ್‌ಗಳನ್ನು ತಗೊಂಡಿತ್ತು. ಈ ಸಲ ಗನ್ನಿನ ಹಡಗು ಮಾಡೋಕೆ ಹೋಗಲಿಲ್ಲ, ಹೆಲಿಕಾಪ್ಟರ್ ಇಳಿಯೋಕೆ ಡೆಕ್ ಕಟ್ಟಿ ಸೈನಿಕರನ್ನು ತುಂಬಿ ಕಳಿಸಿದರು. ಕ್ಯೂಇ2ನಲ್ಲಿ ಸುಮಾರು 3,000 ಸೈನಿಕರು. ಅದನ್ನು ಯುದ್ಧ ನಡೆಯುವಲ್ಲಿಗೆ ಬಿಡದೆ ಸೌತ್ ಜಾರ್ಜಿಯಾದಲ್ಲೇ ನಿಲ್ಲಿಸಿ ಸೈನಿಕರನ್ನು ಬೇರೆ ಹಡಗಿಗೆ ಹತ್ತಿಸಿದರು. ಈಗ ಆ ಹಡಗು ದುಬೈನಲ್ಲಿ ಹೋಟೆಲ್ ಆಗಿದೆ. ಶಿವಮೊಗ್ಗ ಜಿಲ್ಲೆಯ ಎಷ್ಟೋ ಮನೆಯ ಹುಡುಗರು ಅಲ್ಲಿ ಕೆಲಸಕ್ಕಿದ್ದಾರಲ್ಲ, ಹತ್ತಿರ ಹೋದಾಗ ಒಳಗೆ ಹೋಗಿ ನೋಡಿ ಬರಲಿ.